ತೆಳ್ಳಗಿನ ಚಹಾ

ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ನಿನ್ನ ಪತ್ರ ಮಂಗಳವಾರವೇ ಕೈ ಸೇರಿತು. ಉತ್ತರ ತಡವಾದದ್ದಕ್ಕೆ ಕೆಲಸವನ್ನು ದೂರುವುದಿಲ್ಲ. ಎರಡು ಸಲ ಬರೆಯಲು ಕೂತು ಎರಡು ಸಲವೂ ಎದ್ದೆ.

ವೃದ್ಧರ ಆರೈಕೆ ಮನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಿನಗೆ ಕಾನೂನಿನ ತರಬೇತಿ ಇಟ್ಟಿದ್ದಾರೆ ಎಂದು ಓದಿ ಸಮಾಧಾನವಾಯಿತು. ನಮಗೆ ಅದು ಬರುವ ಹೊತ್ತಿಗೆ ನಾನು ಸೇರಿ ಒಂಬತ್ತು ವರ್ಷ ಕಳೆದಿತ್ತು. ಮರೆವಿನ ಕಾಯಿಲೆ ಇರುವವರು ತಮ್ಮ ವಿಷಯದಲ್ಲಿ ತಾವೇ ನಿರ್ಧಾರ ಮಾಡಬಹುದೇ, ಮಾಡಲಾರರು ಎಂದು ಯಾರು ಹೇಳಬೇಕು, ಹೇಗೆ ಹೇಳಬೇಕು, ಇದೆಲ್ಲ ಓದಿದೆ, ಒಂದೂ ತಲೆಗೆ ಹತ್ತಲಿಲ್ಲ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನೀನು ನಿನ್ನ ಮಾತಿನಲ್ಲಿ ಹೇಳು ಎಂದು ಬರೆದಿದ್ದೀಯ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದು ಎಲ್ಲೋ ಹೋಗುತ್ತದೆ. ಕಾಗದದಲ್ಲಾದರೆ ನೀನು ಪೂರ್ತಿ ಕೇಳಲೇಬೇಕು.

ನಮ್ಮ ತರಬೇತಿ ಒಂದೂವರೆ ಗಂಟೆ ನಡೆಯಿತು. ಊಟದ ಕೋಣೆಯಲ್ಲಿ ಕುರ್ಚಿ ಹಾಕಿದ್ದರು, ಬಿಸ್ಕತ್ತು ಕೊಟ್ಟರು, ಗೋಡೆಯ ಮೇಲೆ ಅಕ್ಷರಗಳು ಬಂದು ಹೋದವು. ಕಾಯಿಲೆ ಇದೆ ಎಂದ ಮಾತ್ರಕ್ಕೆ ನಿರ್ಧಾರ ಮಾಡುವ ಶಕ್ತಿ ಇಲ್ಲ ಎಂದುಕೊಳ್ಳಬೇಡಿ, ಒಂದೊಂದು ವಿಷಯಕ್ಕೂ ಬೇರೆ ಬೇರೆಯಾಗಿ ಕೇಳಿ ನೋಡಿ ಎಂದು ಬಂದವರು ಹೇಳಿದರು. ನಾವೆಲ್ಲ ತಲೆ ಆಡಿಸಿದೆವು. ಹಾಜರಿ ಹಾಳೆಗೆ ಸಹಿ ಹಾಕಿ ಹೊರಗೆ ಬಂದಾಗ ನನ್ನ ತಲೆಯಲ್ಲಿ ಉಳಿದದ್ದು ಒಂದೇ, ಇನ್ನು ಮುಂದೆ ಇನ್ನೊಂದು ಫಾರಂ ತುಂಬಬೇಕು ಎನ್ನುವುದು. ಉಳಿದವರಿಗೂ ಇದಕ್ಕಿಂತ ಹೆಚ್ಚು ಉಳಿದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕಳೆದ ವರ್ಷದ ಒಂದು ವಿಷಯ ನಿನಗೆ ನಾನು ಹೇಳಿಲ್ಲ. ಅದನ್ನೇ ಬರೆಯುತ್ತೇನೆ. ಪುಸ್ತಕದಲ್ಲಿರುವುದೆಲ್ಲ ಅದರಲ್ಲಿದೆ.

ನಮ್ಮ ಆರನೇ ಕೋಣೆಯಲ್ಲಿ ಎಂಬತ್ತೊಂದು ವರ್ಷದ ಒಬ್ಬರಿದ್ದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ನಾವು ಆಪರೇಟರಮ್ಮ ಎನ್ನುತ್ತಿದ್ದೆವು. ಅವರಿಗೆ ಈಗ ಯಾವ ವರ್ಷ ಎಂದು ತಿಳಿಯುತ್ತಿರಲಿಲ್ಲ. ಎದುರು ನಿಂತು ಮಾತಾಡಿಸಿದರೆ ಇದು ಯಾರಿರಬಹುದು ಎಂದು ನಮ್ಮ ಮುಖವನ್ನೇ ಹುಡುಕುತ್ತಿದ್ದರು, ಅಷ್ಟರಲ್ಲಿ ಕೇಳಿದ ಪ್ರಶ್ನೆ ಕೈಬಿಟ್ಟು ಹೋಗಿರುತ್ತಿತ್ತು. ಒಬ್ಬನೇ ಮಗ, ಕನ್ನಡಕದ ಅಂಗಡಿ ಇಟ್ಟಿದ್ದರು. ಅಂಗಡಿಗೆ ರಜೆಯಿರುವ ಗುರುವಾರ ತಪ್ಪದೆ ಬರುತ್ತಿದ್ದರು, ಬಂದ ಕೂಡಲೇ ತಾಯಿಯ ಕನ್ನಡಕ ತೆಗೆದು ಒರೆಸಿ, ಕಡ್ಡಿ ಸರಿಮಾಡಿ ಮತ್ತೆ ಹಾಕುತ್ತಿದ್ದರು. ತಾಯಿ ಅವರನ್ನು ತನ್ನ ಅಣ್ಣ ಎಂದುಕೊಂಡಿದ್ದರು. ಅಣ್ಣಾ, ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತಿದ್ದರು. ಒಂದು ದಿನವೂ ತಿದ್ದಿದ್ದನ್ನು ನಾನು ನೋಡಿಲ್ಲ.

ಜೂನ್ ತಿಂಗಳಿನಲ್ಲಿ ಆಪರೇಟರಮ್ಮನಿಗೆ ಕುಡಿಯುವಾಗ ಕೆಮ್ಮು ಬರತೊಡಗಿತು, ಆಮೇಲೆ ಎದೆಯಲ್ಲಿ ಕಫ, ಜ್ವರ. ಆಸ್ಪತ್ರೆಯಿಂದ ನುಂಗುವ ತೊಂದರೆ ನೋಡುವ ಒಬ್ಬ ತಜ್ಞೆ ಬಂದು ಪರೀಕ್ಷಿಸಿದರು. ನೀರು, ಚಹಾದಂಥ ತೆಳ್ಳಗಿನದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತಿದೆ, ಕುಡಿಯುವುದಕ್ಕೆಲ್ಲ ಗಟ್ಟಿ ಮಾಡುವ ಪುಡಿ ಹಾಕಿ, ಊಟ ನುಣ್ಣಗೆ ಅರೆದು ಕೊಡಿ ಎಂದು ಬರೆದು ಹೋದರು. ಆ ಪುಡಿಯನ್ನು ನೀನೂ ಇಷ್ಟರಲ್ಲೇ ಕಾಣುತ್ತೀಯ. ಎರಡು ಚಮಚ ಹಾಕಿ ಕದಡಿ ಐದು ನಿಮಿಷ ಬಿಟ್ಟರೆ ಚಹಾ ಗೋಂದಿನ ಹಾಗಾಗುತ್ತದೆ. ಯಾರಿಗಾದರೂ ಕೊಡುವ ಮೊದಲು ಒಂದು ಲೋಟ ನೀನು ಕುಡಿದು ನೋಡು. ನಾನು ಕುಡಿದಿರಲಿಲ್ಲ.

ಆಪರೇಟರಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಲೋಟವನ್ನು ಮೇಜಿನ ಆ ತುದಿಗೆ ತಳ್ಳಿದರು. ಇದು ಟೀ ಅಲ್ಲ ಎಂದರು. ಮರುದಿನವೂ ಅದೇ. ಮೂರನೆಯ ದಿನ ಲೋಟ ನೆಲಕ್ಕೆ ಬಿತ್ತು. ನಾವು ದಿನಚರಿ ಪುಸ್ತಕದಲ್ಲಿ, ಆಹಾರ ನಿರಾಕರಿಸುತ್ತಾರೆ, ಕಾಯಿಲೆಯ ಲಕ್ಷಣ ಎಂದು ಬರೆದೆವು. ಅವರು ಬೇಡ ಎನ್ನುತ್ತಿದ್ದಾರೆ ಎಂದು ಒಬ್ಬರೂ ಬರೆಯಲಿಲ್ಲ.

ಹೀಗೆ ಬೇಡ ಎಂದವರಿಗೆ ಕೊಡುತ್ತಲೇ ಇರಬೇಕಾದರೆ, ಈ ವಿಷಯದಲ್ಲಿ ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ ಎಂದು ತೋರಿಸುವ ಫಾರಂ ಕಡತದಲ್ಲಿ ಇರಬೇಕು. ಅದನ್ನು ತುಂಬುವ ಕೆಲಸ ಹಿರಿಯ ಸಹಾಯಕಿಯದು, ಎಂದರೆ ನನ್ನದು. ನಾಲ್ಕು ಪ್ರಶ್ನೆ ಇರುತ್ತವೆ. ವಿಷಯ ಅವರಿಗೆ ಅರ್ಥವಾಗುತ್ತದೆಯೇ, ನಿರ್ಧಾರ ಮಾಡುವಷ್ಟು ಹೊತ್ತು ನೆನಪಿನಲ್ಲಿ ಉಳಿಯುತ್ತದೆಯೇ, ಲಾಭ ನಷ್ಟ ತೂಗಿ ನೋಡಬಲ್ಲರೇ, ತಮ್ಮ ನಿರ್ಧಾರವನ್ನು ಹೇಗಾದರೂ ತಿಳಿಸಬಲ್ಲರೇ. ಇವನ್ನು ಅವರ ಹತ್ತಿರ ಕೂತು, ಅವರ ಮನಸ್ಸು ಸ್ವಚ್ಛವಾಗಿರುವ ಹೊತ್ತು ನೋಡಿ, ಅವರಿಗೆ ಎಟಕುವ ಮಾತಿನಲ್ಲಿ ಕೇಳಬೇಕು. ನಾನು ಔಷಧದ ಬೀರುವಿನ ಪಕ್ಕದ ಮೇಜಿನ ಮೇಲೆ, ನಿಂತುಕೊಂಡೇ, ನಾಲ್ಕಕ್ಕೂ ಇಲ್ಲ ಎಂದು ಗುರುತು ಹಾಕಿದೆ. ಕಾರಣ ಕೇಳಿದ್ದ ಜಾಗದಲ್ಲಿ, ಮರೆವಿನ ಕಾಯಿಲೆ ಇರುವುದರಿಂದ ನಿರ್ಧಾರ ಮಾಡಲಾರರು ಎಂದು ಬರೆದೆ. ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಹತ್ತು ನಿಮಿಷದಲ್ಲಿ ನನ್ನ ಬಸ್ಸಿತ್ತು. ಮ್ಯಾನೇಜರ್ ಸಹಿ ಹಾಕಿದರು. ಮಗನಿಗೆ ಫೋನ್ ಮಾಡಿದಾಗ, ನಿಮಗೆ ಸರಿ ಕಂಡದ್ದು ಮಾಡಿ ಎಂದರು.

ಐದು ವಾರದಲ್ಲಿ ಆಪರೇಟರಮ್ಮ ನಾಲ್ಕು ಕಿಲೋ ಇಳಿದರು. ತುಟಿ ಒಡೆಯಿತು. ತಜ್ಞೆ ಮತ್ತೆ ಬಂದರು, ತೂಕದ ಪಟ್ಟಿ ನೋಡಿದರು, ಕಡತ ತರಿಸಿ ಫಾರಂ ಓದಿದರು. ನಾನು ಕೊಟ್ಟದ್ದು ಸಲಹೆ, ಅಪ್ಪಣೆಯಲ್ಲ, ಇದನ್ನು ಒಪ್ಪುವುದು ಬಿಡುವುದು ಅವರದ್ದಾಗಬೇಕಿತ್ತಲ್ಲ ಎಂದರು. ಅವರಿಗೆ ನಿರ್ಧರಿಸುವ ಶಕ್ತಿ ಇಲ್ಲ, ಕೇಳಿ ನೋಡಿದ್ದೇವೆ ಎಂದೆ. ಅವರು ಫಾರಂನಿಂದ ತಲೆ ಎತ್ತದೆ ಕೇಳಿದರು:

"ಇದನ್ನ ಎಲ್ಲಿ ಕೂತು ಕೇಳಿದ್ರಿ?"

"ಅವರ ಕೋಣೇಲಿ," ಎಂದೆ.

ಎಷ್ಟು ಸಲೀಸಾಗಿ ಬಂತೆಂದರೆ ಹೇಳಿ ಮುಗಿದ ಮೇಲೆ ನನಗೇ ಆಶ್ಚರ್ಯವಾಯಿತು. ಅವರು ಫಾರಂ ಅನ್ನು ಕಡತದಲ್ಲಿಟ್ಟರು. ಮುಂದಿನ ವಾರ ಬರುತ್ತೇನೆ, ಆಗ ಒಟ್ಟಿಗೆ ಇನ್ನೊಮ್ಮೆ ಕೇಳೋಣ ಎಂದು ಹೇಳಿ ಹೋದರು. ಆ ವಾರವಿಡೀ ನಾನು ಹೆಚ್ಚಾಗಿ ಯೋಚಿಸಿದ್ದು ಆಪರೇಟರಮ್ಮನ ತೂಕದ ಬಗ್ಗೆ ಅಲ್ಲ, ಆ ಉತ್ತರ ಸಿಕ್ಕಿಬೀಳುತ್ತದೆಯೇ ಎಂಬುದರ ಬಗ್ಗೆ. ಇದನ್ನು ನಿನಗೆ ಬರೆಯುವುದು ಸುಲಭವಲ್ಲ.

ಆಮೇಲಿನ ಶನಿವಾರ ಬೆಳಗ್ಗೆ ಹೀಗಾಯಿತು. ಅಡುಗೆಮನೆಗೂ ಮಹಡಿಗಳಿಗೂ ಮಾತ್ರ ಸಂಪರ್ಕ ಇರುವ ಒಂದು ಹಳೆಯ ಫೋನ್ ನಮ್ಮ ಪಡಸಾಲೆಯ ಗೋಡೆಯಲ್ಲಿದೆ, ತಂತಿ ಇರುವಂಥದ್ದು. ಕಿಟಕಿಯ ಬಿಸಿಲಿಗೆಂದು ಆಪರೇಟರಮ್ಮನ ಗಾಲಿಕುರ್ಚಿಯನ್ನು ಅದರ ಪಕ್ಕದಲ್ಲೇ ನಿಲ್ಲಿಸಿದ್ದೆ. ನಾನು ಎದುರು ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದಾಗ ಫೋನ್ ರಿಂಗಾಯಿತು, ಮತ್ತೆ ನಿಂತಿತು. ಇನ್ಯಾರೋ ಎತ್ತಿಕೊಂಡರು ಎಂದುಕೊಂಡೆ. ಹೊರಗೆ ಬಂದು ನೋಡಿದರೆ ಆಪರೇಟರಮ್ಮನ ಕೈಯಲ್ಲಿ ಬಿಸಿ ಚಹಾದ ಲೋಟ. ಪುಡಿ ಹಾಕದ ಚಹಾ. ಅರ್ಧ ಖಾಲಿಯಾಗಿತ್ತು. ನಾನು ಎರಡು ಹೆಜ್ಜೆಗೆ ಹಾರಿ ಲೋಟ ಕಸಿದುಕೊಂಡೆ, ಸ್ವಲ್ಪ ಅವರ ಸೀರೆಯ ಮೇಲೂ ಚೆಲ್ಲಿತು. ಅವರು ನನ್ನನ್ನು ನೋಡಲಿಲ್ಲ, ಲೋಟವನ್ನು ನೋಡಿದರು.

"ನಾನು ಕೇಳಿ ತರಿಸಿದ್ದು ಅದು," ಎಂದರು.

ಕೆಳಗೆ ಹೋಗಿ ಅಡುಗೆಯವರನ್ನು ಹಿಡಿದು ಬೈದೆ. ಅವರು ಬೆಪ್ಪಾಗಿ ನಿಂತರು. ಮಧ್ಯಾಹ್ನ ಎಷ್ಟು ಜನಕ್ಕೆ ಊಟ ಎಂದು ಕೇಳಲು ಫೋನ್ ಮಾಡಿದ್ದರಂತೆ. ಆ ಕಡೆಯಿಂದ ಒಬ್ಬರು, ನಮಸ್ಕಾರ, ಹೇಳಿ ಎಂದರಂತೆ. ಊಟದ ಲೆಕ್ಕ ಬೇಕಿತ್ತು ಎಂದರೆ, ಅದು ನನಗೆ ಗೊತ್ತಿಲ್ಲ, ತಿಳಿದವರು ಬಂದ ಮೇಲೆ ಹೇಳಿಸುತ್ತೇನೆ, ಸದ್ಯಕ್ಕೆ ಇಲ್ಲಿಗೆ ಒಂದು ಟೀ ಕಳಿಸಿ, ನನಗೆ ಐದು ವಾರದಿಂದ ಗಂಜಿ ಕೊಡುತ್ತಿದ್ದಾರೆ, ಅದಲ್ಲ, ತೆಳ್ಳಗಿನ ಟೀ ಎಂದರಂತೆ. ಅಡುಗೆಮನೆಯ ಹುಡುಗನ ಕೈಲಿ ಮೇಲೆ ಕಳಿಸಿದರಂತೆ, ಅವನು ಫೋನಿನ ಪಕ್ಕದಲ್ಲಿ ಕೂತವರ ಕೈಗಿಟ್ಟು ಬಂದಿದ್ದ. ಅಡುಗೆಯವರು ನನ್ನನ್ನೇ ತಿರುಗಿ ಕೇಳಿದರು, ಆಫೀಸಿಗೆ ಹೊಸಬರು ಯಾರಾದರೂ ಸೇರಿದ್ದಾರಾ, ತುಂಬಾ ಮರ್ಯಾದೆಯಾಗಿ ಮಾತಾಡಿದರು ಎಂದು.

ನಾನು ನಕ್ಕುಬಿಟ್ಟೆ. ಆಮೇಲೆ ಮೆಟ್ಟಿಲು ಹತ್ತುವಾಗ ನಗು ನಿಂತಿತು. ಐದು ವಾರ ಎಂದು ಅವರು ಹೇಳಿದ್ದು ಸರಿಯಾಗಿತ್ತು.

ಅಂದೇ ಮಧ್ಯಾಹ್ನ ಪರೀಕ್ಷೆ ಮಾಡಿ ನೋಡಿದೆ. ಪಡಸಾಲೆಯ ಫೋನಿನ ಹತ್ತಿರ ಅವರನ್ನು ಕೂರಿಸಿ, ಕೆಳಗಿನಿಂದ ನಾನೇ ಫೋನ್ ಮಾಡಿದೆ. ಮೂವತ್ತನಾಲ್ಕು ವರ್ಷ ಮುಖ ನೋಡದೆ ದನಿ ಮಾತ್ರ ಕೇಳಿ ಕೆಲಸ ಮಾಡಿದವರು. ಕಿವಿಗೆ ಫೋನ್ ಇಟ್ಟುಕೊಂಡರೆ ಹುಡುಕಲು ಮುಖವಿರಲಿಲ್ಲ, ಕೇಳಿದ್ದು ಉಳಿಯುತ್ತಿತ್ತು. ಎಲ್ಲ ಉತ್ತರವೂ ಸರಿ ಬಂತು ಎಂದಲ್ಲ. ವರ್ಷ ಕೇಳಿದರೆ ನಲವತ್ತು ವರ್ಷ ಹಿಂದಿನದು ಹೇಳಿದರು. ಆದರೆ ಚಹಾದ ಮಾತಿಗೆ ಬಂದಾಗ ಒಂದು ಕಡೆಯೂ ತಪ್ಪಲಿಲ್ಲ.

ಸೋಮವಾರ ಬೆಳಗ್ಗೆ ಮ್ಯಾನೇಜರ್ ಕೋಣೆಗೆ ಹೋದೆ. ಫೋನಿನ ವಿಷಯ ಮೊದಲು ಹೇಳಿದೆ, ಅದು ಹೇಳಲು ಸುಲಭವಿತ್ತು. ಅವರಿಗೆ ಖುಷಿಯಾಯಿತು. ಆಮೇಲೆ, ಆ ಫಾರಂ ತುಂಬುವಾಗ ನಾನು ಆಪರೇಟರಮ್ಮನನ್ನು ಏನೂ ಕೇಳಿರಲಿಲ್ಲ, ತಜ್ಞೆಗೂ ಸುಳ್ಳು ಹೇಳಿದೆ ಎಂದೆ. ಅವರು ಎದ್ದು ಬಾಗಿಲು ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

"ನಾನೂ ಓದಿ ಸಹಿ ಹಾಕಿರಲಿಲ್ಲ," ಎಂದರು.

ಕಪಾಟಿನಿಂದ ಎಲ್ಲ ಕಡತ ತೆಗೆಸಿದರು. ಮೂವತ್ತೊಂದು ಜನರ ಫಾರಂ. ಇಪ್ಪತ್ತಾರರಲ್ಲಿ ಅದೇ ವಾಕ್ಯ ಇತ್ತು. ಹತ್ತೊಂಬತ್ತು ನನ್ನ ಕೈಬರಹ, ಉಳಿದ ಏಳು ನನ್ನಿಂದ ಕಲಿತವರದ್ದು.

ತಜ್ಞೆ ಹೇಳಿದ ದಿನ ಬಂದರು. ಅವರಿಗೂ ಹೇಳಿದೆ. ಗೊತ್ತಿತ್ತು ಎಂದರು. ಬೆಳಗ್ಗೆ ಹತ್ತು ಗಂಟೆಯ ಹೊತ್ತು ಆಪರೇಟರಮ್ಮನಿಗೆ ಹಗುರವಾಗಿರುತ್ತಿತ್ತು, ಅದೇ ಹೊತ್ತು ಇಟ್ಟುಕೊಂಡೆವು. ಪಡಸಾಲೆಯಲ್ಲಿ ಅವರು, ಪಕ್ಕದಲ್ಲಿ ಮಗ, ಎದುರಿಗೆ ಸ್ವಲ್ಪ ದೂರದಲ್ಲಿ ಮ್ಯಾನೇಜರ್. ಕೆಳಗೆ ಅಡುಗೆಮನೆಯ ಫೋನಿನ ಮುಂದೆ ನಾನು, ನನ್ನ ಪಕ್ಕ ಕಿವಿಗೊಟ್ಟು ತಜ್ಞೆ. ಒಲೆ ಆರಿಸಲು ಅಡುಗೆಯವರಿಗೆ ಹೇಳಿದ್ದೆವು. ಅವರು ಆರಿಸಿ, ಹೊರಗೆ ಹೋಗದೆ ಅಲ್ಲೇ ನಿಂತರು.

ವಿಷಯವನ್ನು ಸಣ್ಣ ಸಣ್ಣ ತುಂಡು ಮಾಡಿ ಹೇಳಿದೆ. ಗಟ್ಟಿ ಚಹಾ ಯಾಕೆ, ತೆಳ್ಳಗಿನದು ಕುಡಿದರೆ ಏನಾಗಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿ, ನಾನು ಹೇಳಿದ್ದೇನು ಎಂದು ಕೇಳಿದೆ.

"ತೆಳ್ಳಗಿರೋದು ಎದೆಗೆ ಇಳಿಯುತ್ತೆ. ಇಳಿದ್ರೆ ಜ್ವರ ಬರುತ್ತೆ. ಈ ವಯಸ್ಸಲ್ಲಿ ಆ ಜ್ವರಕ್ಕೆ ನಾನು ಹೋಗಲೂಬಹುದು."

"ಗಟ್ಟಿ ಟೀ ಕುಡಿದ್ರೆ?"

"ಅದಕ್ಕೆ ಹೋಗಲ್ಲ. ಆದ್ರೆ ಅದನ್ನ ನಾನು ಕುಡಿಯಲ್ಲ. ಗಟ್ಟಿ ಟೀಲಿ ಎಷ್ಟು ವರ್ಷ ಇರ್ತೀನಿ, ಹೇಳಿ?"

ತಜ್ಞೆಯ ಕಡೆ ನೋಡಿದೆ. ಅವರು ಇಲ್ಲ ಎಂದು ತಲೆ ಆಡಿಸಿದರು.

"ಹೇಳಕ್ಕಾಗಲ್ಲ," ಎಂದೆ.

"ಹಾಗಾದ್ರೆ ತೆಳ್ಳಗಿಂದೇ ಕೊಡಿ. ದಿನಕ್ಕೆ ಎರಡು ಸಾಕು."

ಮರುದಿನ ಬೇರೆ ಮಾತಿನಲ್ಲಿ ಮತ್ತೆ ಕೇಳಿದೆವು. ಉತ್ತರ ಬದಲಾಗಲಿಲ್ಲ. ಅವತ್ತು ಫೋನ್ ಇಟ್ಟ ಮೇಲೆ ಅವರು ಮಗನ ಕಡೆ ತಿರುಗಿ, ಅಣ್ಣಾ, ಮನೆಯಲ್ಲಿ ಅಮ್ಮ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದರು ಮಗ.

ಆಮೇಲೆ ಮ್ಯಾನೇಜರ್ ಕೋಣೆಯಲ್ಲಿ ಕೂತಾಗ ಮಗ ದನಿ ಏರಿಸಲಿಲ್ಲ, ಅದೇ ನಮಗೆ ಕಷ್ಟವಾಯಿತು.

"ಹೆತ್ತ ಮಗ ಯಾರು ಅಂತ ಅವರಿಗೆ ಗೊತ್ತಿಲ್ಲ. ಸಾಯೋದನ್ನ ಮಾತ್ರ ಅವರೇ ತೀರ್ಮಾನ ಮಾಡಬಹುದು ಅಂತೀರಿ."

ಅವರು ಸಾವನ್ನು ಕೇಳುತ್ತಿಲ್ಲ, ಚಹಾ ಕೇಳುತ್ತಿದ್ದಾರೆ, ಅದರ ಅಪಾಯ ತಿಳಿದೇ ಕೇಳುತ್ತಿದ್ದಾರೆ ಎಂದು ತಜ್ಞೆ ನಿಧಾನವಾಗಿ ಹೇಳಿದರು. ನಮ್ಮ ಕಣ್ಣಿಗೆ ಅದು ತಪ್ಪು ನಿರ್ಧಾರ ಎಂದು ಕಂಡರೂ, ಅಷ್ಟಕ್ಕೇ ಅದನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ, ಮನೆ ಮಾರುವ ವಿಷಯವೋ ಆಪರೇಷನ್ ವಿಷಯವೋ ಬಂದರೆ ಆಗ ಅದನ್ನು ಬೇರೆಯಾಗಿ ನೋಡೋಣ ಎಂದರು. ಮಗ ಕೇಳಿಸಿಕೊಂಡರು. ನಾನು ಒಪ್ಪಿದೆ ಎಂದು ಬರೆದುಕೊಳ್ಳಬೇಡಿ, ನನಗೆ ತಿಳಿಸಿದ್ದೀರಿ ಎಂದು ಬರೆದುಕೊಳ್ಳಿ ಎಂದು ಹೇಳಿ ಎದ್ದರು. ಹಾಗೆಯೇ ಬರೆದುಕೊಂಡೆವು.

ಅಪಾಯ ತಗ್ಗಿಸುವಷ್ಟು ತಗ್ಗಿಸಿದೆವು. ನೆಟ್ಟಗೆ ಕೂರಿಸುವುದು, ಸಣ್ಣ ಲೋಟ, ಒಂದು ಗುಟುಕಾದ ಮೇಲೆ ಬಿಡುವು, ಪಕ್ಕದಲ್ಲಿ ಒಬ್ಬರು. ಊಟ ಅರೆದು ಕೊಡುವುದಕ್ಕೆ ಅವರದ್ದೇನೂ ತಕರಾರಿರಲಿಲ್ಲ. ತೂಕ ಸ್ವಲ್ಪ ಮೇಲೆ ಬಂತು. ಸೆಪ್ಟೆಂಬರ್‌ನಲ್ಲಿ ಒಮ್ಮೆ ಎದೆ ಕಟ್ಟಿತು, ಔಷಧಕ್ಕೆ ಇಳಿಯಿತು. ಇಳಿದ ಮೇಲೆ ಮತ್ತೆ ಫೋನ್ ಮಾಡಿ, ಈಗ ಏನು ಮಾಡೋಣ ಎಂದು ಕೇಳಿದೆ. ಅದೇ ಉತ್ತರ. ಅಕ್ಟೋಬರ್ ಕೊನೆಗೆ ಮತ್ತೆ ಬಂತು. ಈ ಸಲ ಇಳಿಯಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ತೀರಿಕೊಂಡರು, ಆರನೇ ಕೋಣೆಯಲ್ಲೇ. ಮೊದಲ ತೆಳ್ಳಗಿನ ಚಹಾದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ವಾರ. ಗಟ್ಟಿ ಚಹಾದಲ್ಲಿ ಎಷ್ಟು ದಿನ ಇರುತ್ತಿದ್ದರೋ ಯಾರಿಗೂ ಗೊತ್ತಿಲ್ಲ.

ಸಾಮಾನು ತೆಗೆದುಕೊಂಡು ಹೋಗಲು ಮಗ ಬಂದಾಗ ನಾನೇ ಪೆಟ್ಟಿಗೆ ಕಟ್ಟಿಕೊಟ್ಟೆ. ಕನ್ನಡಕವನ್ನು ಅವರು ಒರೆಸಿ ಜೇಬಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿದರು.

"ಟೀ ಕುಡಿಯುವಾಗ ಏನಾದ್ರೂ ಹೇಳ್ತಿದ್ರಾ?"

ಏನಾದರೂ ಒಳ್ಳೆಯದು ಸೃಷ್ಟಿಸಿ ಹೇಳೋಣ ಎನಿಸಿತು. ಹೇಳಲಿಲ್ಲ.

"ಬಿಸಿ ಸಾಲದು ಅಂತಿದ್ರು," ಎಂದೆ.

ಮನೆಯಲ್ಲೂ ಹಾಗೇ ಅನ್ನುತ್ತಿದ್ದರು ಎಂದು ಹೇಳಿ ಹೋದರು. ನಮ್ಮನ್ನು ಕ್ಷಮಿಸಿದರೋ ಇಲ್ಲವೋ ತಿಳಿಯದು. ಕ್ಷಮಿಸಲೇಬೇಕು ಎಂದೇನಿಲ್ಲ.

ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಆರು ತಿಂಗಳು ಹಿರಿಯ ಸಹಾಯಕಿ ಎಂಬ ಪಟ್ಟಿ ಎದೆಯ ಮೇಲಿರಲಿಲ್ಲ. ಕಳೆದ ವರ್ಷ ನೀನು ಬಂದಾಗ ಅದೆಲ್ಲಿ ಎಂದು ಕೇಳಿದ್ದೆ, ಒಗೆಯುವಾಗ ಕಳೆದುಹೋಯಿತು ಎಂದು ನಾನು ಹೇಳಿದ್ದೆ. ಅದು ಸುಳ್ಳು. ಆ ಆರು ತಿಂಗಳಿನಲ್ಲಿ ಇಪ್ಪತ್ತಾರು ಜನರನ್ನೂ ಮತ್ತೆ ಕೇಳಿದೆವು, ಒಬ್ಬೊಬ್ಬರಿಗೆ ಒಂದೊಂದು ದಾರಿ ಹುಡುಕಿ. ಕೆಲವರಿಗೆ ಚಿತ್ರ ತೋರಿಸಿ, ಒಬ್ಬರಿಗೆ ಸ್ನಾನವಾದ ಮೇಲೆ ಮಾತ್ರ. ಎಲ್ಲ ಒಂದೇ ಕಡೆಗೆ ತಿರುಗಿತು ಎಂದುಕೊಳ್ಳಬೇಡ. ಹತ್ತನೇ ಕೋಣೆಯ ನಿವೃತ್ತ ವಕೀಲರು ಅಚ್ಚುಕಟ್ಟಾಗಿ ಮಾತಾಡುತ್ತಾರೆ, ಹೆದರಿ ಅವರಿಗೆ ನಾವು ಫಾರಂ ಅನ್ನೇ ಮಾಡಿರಲಿಲ್ಲ. ಈ ಸಲ ಅವರನ್ನೂ ಕೂತು ಕೇಳಿದರೆ, ಎರಡು ನಿಮಿಷದ ಹಿಂದೆ ಹೇಳಿದ್ದು ಅವರಲ್ಲಿ ಉಳಿದಿರಲಿಲ್ಲ, ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕುತ್ತಿದ್ದರು. ಅವರ ಪರವಾಗಿ, ಅವರ ಹಿತ ನೋಡಿ, ಅವರು ಮೊದಲು ಹೇಗೆ ಬದುಕಿದ್ದರು ಎಂದು ಮನೆಯವರನ್ನು ಕೇಳಿ, ನಾವು ನಿರ್ಧಾರ ಮಾಡಬೇಕಾಯಿತು.

ಇಷ್ಟೇ ನನಗೆ ಗೊತ್ತಿರುವ ಕಾನೂನು. ನಿನ್ನ ತರಬೇತಿಯ ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆಯಲು ಜಾಗ ಕೊಡುವುದಿಲ್ಲ. ಫಾರಂ ಕೈಗೆ ಬಂದ ದಿನ ಮೊದಲು ಒಂದು ಕುರ್ಚಿ ತೆಗೆದುಕೊಂಡು ಅವರ ಹತ್ತಿರ ಹೋಗಿ ಕೂತುಕೋ. ಬಸ್ಸು ಹೋದರೆ ಇನ್ನೊಂದು ಬರುತ್ತದೆ.

ಕಾಲಿಗೆ ಒಳ್ಳೆಯ ಚಪ್ಪಲಿ ತೆಗೆದುಕೊಂಡೆಯಾ? ಎಂಟು ಗಂಟೆ ನಿಲ್ಲುವ ಕೆಲಸ, ಅಗ್ಗದ್ದು ಬೇಡ. ಮೈ ಹುಷಾರಾಗಿ ನೋಡಿಕೋ.

ನಿನ್ನ ಹಿತವನ್ನೇ ಬಯಸುವ,
ಅಮ್ಮ

ಮರೆತ ಮಾತು: ಇದು ನಿಜವಾಗಿ ಮರೆತದ್ದಲ್ಲ, ಎರಡು ಸಲ ಎದ್ದು ಹೋದದ್ದು ಇದಕ್ಕೇ. ನಿನಗೆ ಹನ್ನೊಂದು ವರ್ಷವಾಗಿದ್ದಾಗ, ಕೊಳೆತ ಕಾಲು ತೆಗೆಯುವ ಆಪರೇಷನ್‌ಗೆ ಅಜ್ಜಿ ಒಪ್ಪಿದಳಾ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದ್ದೆ. ಒಪ್ಪಿದಳು ಎಂದಿದ್ದೆ. ನಾನು ಅವಳನ್ನು ಕೇಳಿದ್ದು ನಿಜ. ನನ್ನ ಅಮ್ಮನಿಗೆ ಆಗ ಮರೆವು ಶುರುವಾಗಿತ್ತು, ಆದರೆ ಅವಳು ನನ್ನ ಕೈ ಹಿಡಿದುಕೊಂಡು, "ಬೇಡ ಕಣೇ, ಇರೋ ಹಾಗೇ ಹೋಗ್ತೀನಿ," ಎಂದು ಸ್ಪಷ್ಟವಾಗಿ ಹೇಳಿದಳು. ನಾನು ಡಾಕ್ಟರಿಗೆ, ಅವಳಿಗೆ ಏನೂ ತಿಳಿಯುವುದಿಲ್ಲ ಎಂದು ಹೇಳಿ ಸಹಿ ಹಾಕಿದೆ. ಆಮೇಲೆ ಅವಳು ಎರಡು ವರ್ಷ ಬದುಕಿದಳು. ನಿನಗೆ ಹೊಲಿಗೆ ಕಲಿಸಿದ್ದು, ನಿನ್ನ ಪಕ್ಕದಲ್ಲಿ ಮಲಗಿದ್ದು ಆ ಎರಡು ವರ್ಷದಲ್ಲೇ. ನನ್ನ ಜೊತೆ ಬೇಕಾದಷ್ಟಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಅವಳ ಮಾತು ಕೇಳಿದ್ದರೆ ಆ ಎರಡು ವರ್ಷ ನಿನಗೆ ಇರುತ್ತಿರಲಿಲ್ಲ. ಮಾಡಿದ್ದು ತಪ್ಪು ಎಂದು ಈಗ ಗೊತ್ತು. ಆ ಎರಡು ವರ್ಷ ಬೇಡವಾಗಿತ್ತು ಎನ್ನಲು ಮಾತ್ರ ಇವತ್ತಿಗೂ ನನ್ನಿಂದ ಆಗಿಲ್ಲ.